ಸಾಮಾಜೀಕರಣ

ಸಮಾಜದ ಭಾಷೆ, ನಡವಳಿಕೆ, ಮೌಲ್ಯಗಳನ್ನು ತನ್ನದಾಗಿಸಿಕೊಳ್ಳುತ್ತ ಮನುಷ್ಯ ತಾನು ಯಾರೆಂಬ ಅರಿವನ್ನು ಪಡೆಯುವ ಪ್ರಕ್ರಿಯೆ. ಇದು ಉಪದೇಶಕ್ಕಿಂತ ಹೆಚ್ಚಾಗಿ ದಿನಬಳಕೆಯಲ್ಲೇ ನಡೆಯುತ್ತದೆ ಎಂಬುದಕ್ಕೆ ಕನ್ನಡದ ಬಂಧುವಾಚಕಗಳು ಸಾಕ್ಷಿ. ಚಿಕ್ಕಪ್ಪನ ಮಗ ಅಣ್ಣನೋ ತಮ್ಮನೋ ಆಗುತ್ತಾನೆ. ಸೋದರಮಾವನ ಮಗ ಭಾವನೋ ಮೈದುನನೋ ಆಗುತ್ತಾನೆ. "ಅಣ್ಣ ಅನ್ನಬಾರದು, ಅವನು ನಿನಗೆ ಭಾವ ಆಗಬೇಕು" ಎಂದು ಅಜ್ಜಿ ತಿದ್ದುವಾಗ, ಒಡಹುಟ್ಟಿದವರ ಸಮಾನರು ಯಾರು, ಮದುವೆಯ ನಂಟು ಯಾರೊಂದಿಗೆ ಸಲ್ಲುತ್ತದೆ ಎಂಬ ಇಡೀ ವ್ಯವಸ್ಥೆಯೇ ಆ ಒಂದು ಮಾತಿನಲ್ಲಿ ಮಗುವಿಗೆ ದಾಟುತ್ತದೆ. ಹಿಂದಿಯಲ್ಲಾದರೆ ಸೋದರಮಾವನ ಮಗನೂ ಸಹೋದರನೇ. ಉತ್ತರ, ದಕ್ಷಿಣ ಭಾರತಗಳ ಈ ಭೇದವನ್ನು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರ ತಮ್ಮ ಬಂಧುತ್ವ ಅಧ್ಯಯನದಲ್ಲಿ ವಿಸ್ತಾರವಾಗಿ ಚರ್ಚಿಸಿದರು. ರಕ್ತಸಂಬಂಧ ಒಂದೇ ಆಗಿದ್ದರೂ ಅರ್ಥ ಬೇರೆಯಾಗುವುದರಿಂದ, ಆ ಅರ್ಥ ಹುಟ್ಟಿನಿಂದಲ್ಲ, ಕಲಿಕೆಯಿಂದ ಬಂದದ್ದು.

ಹಾಗಾದರೆ ವ್ಯಕ್ತಿ ಸಮಾಜದ ಅಚ್ಚಿನಲ್ಲಿ ಎರೆದ ಬೊಂಬೆಯೇ ಎಂಬ ಆಕ್ಷೇಪ ಸಹಜ. ಅಮೆರಿಕದ ಚಿಂತಕ ಜಾರ್ಜ್ ಹರ್ಬರ್ಟ್ ಮೀಡ್ ಆಟವನ್ನು ಉದಾಹರಿಸಿ ಇದಕ್ಕೆ ದಾರಿ ತೋರಿದರು: ಮಗು ಇತರರ ಪಾತ್ರಗಳನ್ನು ತಾನೇ ವಹಿಸಿಕೊಂಡು ತನ್ನತನವನ್ನು ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡದ್ದನ್ನು ಬದಲಿಸಲೂ ಬಲ್ಲದು. ನಗರಗಳಲ್ಲಿ ಚಿಕ್ಕಪ್ಪನ ಮಗ, ಮಾವನ ಮಗ ಇಬ್ಬರೂ 'ಕಸಿನ್' ಆಗುತ್ತಿರುವುದು ಇದಕ್ಕೆ ನಿದರ್ಶನ. ಆದ್ದರಿಂದ ಸಂಸ್ಕೃತಿ ಪಡೆದಿಟ್ಟ ಗಂಟಲ್ಲ. ಪ್ರತಿ ತಲೆಮಾರೂ ಬಿಚ್ಚಿ ಮತ್ತೆ ಕಟ್ಟುವ ಬುತ್ತಿ.