ವೆಬ್‌ಎಕ್ಸ್‌ಆರ್
ಜಾಲಪುಟವು ಕೇವಲ ಓದುವ ಹಾಳೆಯಾಗಿರದೆ, ನೋಡುಗನು ಒಳಹೊಕ್ಕು ಸಂಚರಿಸಬಹುದಾದ ಆವರಣವಾಗುವಂತೆ, ಬ್ರೌಸರಿಗೂ ಹೆಡ್‌ಸೆಟ್ಟಿಗೂ ಸಂಪರ್ಕ ಕಲ್ಪಿಸುವ ತಾಂತ್ರಿಕ ವ್ಯವಸ್ಥೆ. 1994ರಲ್ಲಿ ಜಿನೀವಾದ ಪ್ರಥಮ ವೆಬ್ ಸಮ್ಮೇಳನದಲ್ಲಿ ಮೊಳೆತು, 1997ರಲ್ಲಿ ಅಂತರರಾಷ್ಟ್ರೀಯ ಮಾನಕವೆನಿಸಿದ ವಿಆರ್‌ಎಂಎಲ್ ಭಾಷೆಯು ಈ ಪ್ರಯತ್ನಕ್ಕೆ ಪೂರ್ವಗಾಮಿ.

2015ರಲ್ಲಿ ಮೊಜಿಲ್ಲಾ ಹೊರತಂದ ಎ-ಫ್ರೇಮ್ ಎಂಬ ತಂತ್ರಾಂಶ ಚೌಕಟ್ಟು ಇಂಥ ಆವರಣಗಳ ವಿನ್ಯಾಸಕಲೆಯನ್ನು ಸುಲಭಸಾಧ್ಯವಾಗಿಸಿತು: ಎಚ್‌ಟಿಎಂಎಲ್ ಬಲ್ಲವನು ದೃಶ್ಯದೊಳಗೆ ‘ಎ-ಬಾಕ್ಸ್’ ಎಂಬ ಒಂದು ಟ್ಯಾಗನ್ನು ಬರೆದರೆ ಸಾಕು, ಉದ್ದ, ಅಗಲ, ಎತ್ತರಗಳಲ್ಲಿ ತಲಾ ಒಂದು ಮೀಟರಿನ ಪೆಟ್ಟಿಗೆಯೊಂದು ಅಲ್ಲಿ ಮೂಡಿ ನಿಲ್ಲುತ್ತದೆ.

ಹೆಡ್‌ಸೆಟ್ಟಿನಲ್ಲಿ ಎಡಗಣ್ಣಿಗೂ ಬಲಗಣ್ಣಿಗೂ ಕಿಂಚಿದ್ಭಿನ್ನವಾದ ಚಿತ್ರಗಳನ್ನು ತೋರಿ, ತಲೆ ತಿರುಗಿದಂತೆಲ್ಲ ದೃಶ್ಯವನ್ನು ಮರಳಿ ರಚಿಸುವುದರಿಂದ ಆಳದ ಪ್ರತೀತಿಯುಂಟಾಗುತ್ತದೆ. ಈ ಪುನಾರಚನೆ ತಡವಾದರೆ ತಲೆಸುತ್ತು ಬರಬಹುದಾದ್ದರಿಂದ, ಅಲಂಕಾರದ ಆಡಂಬರಕ್ಕಿಂತ ನೋಡುಗನ ದೇಹಸೌಖ್ಯವನ್ನೇ ಮೊದಲು ಕಾಯುವುದು ಉತ್ತಮ ವಿನ್ಯಾಸಕನ ಪರಮಧರ್ಮವಾಗಿದೆ.