ಶಾಸ್ತ್ರಗ್ರಂಥಗಳಲ್ಲಿ ಪೀಠಿಕೆಯ ಸ್ಥಾನ

ವಿದ್ವತ್ಪ್ರಬಂಧಕ್ಕೆ ಪೀಠಿಕೆಯೆಂಬುದು ಕೇವಲ ಅಲಂಕಾರವೆಂದೂ, ವಿಷಯಾರ್ಥಿಯು ಅದನ್ನು ದಾಟಿ ಮುಂದೆ ಸಾಗಬಹುದೆಂದೂ ಭಾವಿಸುವವರುಂಟು. ಪ್ರಾಚೀನ ಶಾಸ್ತ್ರಕಾರರ ಮತವು ಹಾಗಿರಲಿಲ್ಲ. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ಗ್ರಂಥಾರಂಭದಲ್ಲಿಯೇ ತಿಳಿಸಬೇಕೆಂಬುದು ಅವರ ನಿಯಮ. ಓದತಕ್ಕವರು ಯಾರು, ಹೇಳತಕ್ಕುದೇನು, ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧವೆಂತಹುದು, ಓದಿನ ಫಲವೇನು ಎಂಬುದನ್ನರಿಯದೆ ವಿವೇಕಿಯಾದವನು ಗ್ರಂಥದಲ್ಲಿ ಪ್ರವರ್ತಿಸನಷ್ಟೆ.

ಪತಂಜಲಿಯ ಮಹಾಭಾಷ್ಯದ ಮೊದಲನೆಯ ಆಹ್ನಿಕವಾದ ಪಸ್ಪಶೆಯು ಇದಕ್ಕೆ ಉತ್ತಮ ನಿದರ್ಶನ. ಶಬ್ದವೆಂದರೇನೆಂದು ವಿಚಾರಿಸಿ, ವ್ಯಾಕರಣಾಧ್ಯಯನಕ್ಕೆ ರಕ್ಷೆ, ಊಹ, ಆಗಮ, ಲಾಘವ, ಅಸಂದೇಹಗಳೆಂಬ ಐದು ಪ್ರಯೋಜನಗಳನ್ನು ನಿರೂಪಿಸಿದ ಬಳಿಕವೇ ಭಾಷ್ಯಕಾರನು ಸೂತ್ರವಿಚಾರಕ್ಕೆ ಕೈಹಾಕುತ್ತಾನೆ.

ಕನ್ನಡದಲ್ಲಿ ಪೀಠಿಕೆಯು ಇನ್ನೊಂದು ಹೊಣೆಯನ್ನೂ ಹೊತ್ತಿತು. ಅದು ಪೂರ್ವಸೂರಿಗಳ ಋಣವನ್ನು ಒಪ್ಪಿಕೊಳ್ಳುವುದು. ೯ನೆಯ ಶತಮಾನದ ಕವಿರಾಜಮಾರ್ಗದ ಪ್ರಥಮ ಪರಿಚ್ಛೇದವು ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡಿನ ಎಲ್ಲೆಯನ್ನು ಹೇಳುವುದಲ್ಲದೆ, ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೇ ಮೊದಲಾದ ಗದ್ಯಕಾರರನ್ನು ಹೆಸರಿಸುತ್ತದೆ. ೧೩ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಪೀಠಿಕೆಯಲ್ಲಿ ಗಜಗ, ಗುಣನಂದಿ, ಅಸಗ ಮುಂತಾದವರ ಮಾರ್ಗವೇ ತನಗೆ ಲಕ್ಷ್ಯವೆಂದು ಸ್ಪಷ್ಟವಾಗಿ ಸಾರಿದ್ದಾನೆ.

೧೬೦೪ರಲ್ಲಿ ಕರ್ಣಾಟಕಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕನಿಗೆ ಒದಗಿದ ಪ್ರಶ್ನೆಯು ಮತ್ತಷ್ಟು ಕಠಿನವಾದುದು. ದೇಶಭಾಷೆಯಾದ ಕನ್ನಡವು ಶಾಸ್ತ್ರಕ್ಕೆ ಯೋಗ್ಯವೆ? ಯೋಗ್ಯವಲ್ಲವೆಂದಾದರೆ ಅದಕ್ಕೆ ವ್ಯಾಕರಣವೇಕೆ? ಈ ಆಕ್ಷೇಪವನ್ನು ಮರೆಮಾಚದೆ ತಾನೇ ಮುಂದಿಟ್ಟು, ತತ್ತ್ವಾರ್ಥಮಹಾಶಾಸ್ತ್ರಕ್ಕೆ ೯೬,೦೦೦ ಗ್ರಂಥಪರಿಮಿತವಾದ ಚೂಡಾಮಣಿಯೆಂಬ ವ್ಯಾಖ್ಯಾನವು ಕನ್ನಡದಲ್ಲಿ ಉಂಟೆಂದು ಅವನು ಸಮಾಧಾನ ಹೇಳಿದನು. ಪೂರ್ವಪಕ್ಷವನ್ನು ಮೊದಲೇ ಎದುರಿಸಿದುದರಿಂದ ಮುಂದಿನ ೫೯೨ ಸೂತ್ರಗಳಿಗೆ ನೆಲೆ ದೊರೆಯಿತು.

ಆ ಚೂಡಾಮಣಿಯು ಇಂದು ದೊರೆಯುವುದಿಲ್ಲ. ಗಜಗನ ಕೃತಿಗಳೂ ಉಳಿದಿಲ್ಲ. ಓಲೆಗಳು ಅಳಿದರೂ ಹೆಸರುಗಳು ಅಳಿಯದುದಕ್ಕೆ ಈ ಪೀಠಿಕೆಗಳ ಪ್ರಾಮಾಣಿಕತೆಯೇ ಮುಖ್ಯ ಕಾರಣ. ಆದುದರಿಂದ ಪ್ರಬಂಧವನ್ನು ಬರೆಯಹೊರಟ ತರುಣನು ಆತ್ಮಪ್ರಶಂಸೆಯಿಂದಲೂ ಕಾಡುಹರಟೆಯಿಂದಲೂ ಪೀಠಿಕೆಯನ್ನು ತುಂಬದೆ, ವಿಷಯದ ಎಲ್ಲೆ, ಹಿಂದಿನವರ ಋಣ, ಎದುರಾಗುವ ಆಕ್ಷೇಪ, ಕೃತಿಯ ಪ್ರಯೋಜನ ಇವಿಷ್ಟನ್ನು ಮಿತವಾಗಿ ಹೇಳಿ ಮುಂದೆ ಸಾಗುವುದು ಉಚಿತ. ಅವನ ಸಿದ್ಧಾಂತವು ಕಾಲಾಂತರದಲ್ಲಿ ಬಿದ್ದುಹೋದರೂ, ಅವನು ಸ್ಮರಿಸಿದ ಹಿರಿಯರ ಹೆಸರಾದರೂ ಉಳಿದೀತು.