ರೋಗದ ಕಾಲದ ಗಡಿಗಳು: ದಂಡು-ಪೇಟೆಯಿಂದ ತಲಪಾಡಿಯವರೆಗೆ

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ಶಾಲೆಯ ನೆನಪುಗಳನ್ನು ಬರೆಯುವವರು ಬಹಳ ಮಂದಿ ಇದ್ದಾರೆ, ನಾನು ಸಮಾಜ ಪಾಠದ ಒಂದು ವಿಷಯ ಬರೆದುಕೊಡುತ್ತೇನೆ ಎಂದೆ. ಓದಿದ್ದು ಬಿ.ಇ., ಹೊಟ್ಟೆಪಾಡು ಸಾಫ್ಟ್‌ವೇರ್. ಆದರೆ ಇತಿಹಾಸದ ಹುಚ್ಚು ಹತ್ತಿದ್ದು ಇದೇ ಶಾಲೆಯಲ್ಲಿ, ಇನ್ನೂ ಬಿಟ್ಟಿಲ್ಲ.

ಸಾಂಕ್ರಾಮಿಕ ರೋಗ ಬಂದಾಗ ಅಕ್ಕಪಕ್ಕದ ದೇಶಗಳ ಸಂಬಂಧ ಕೆಡುತ್ತದೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. 2020ರ ಮಾರ್ಚ್‌ನಲ್ಲಿ ಭಾರತ-ನೇಪಾಳದ ಗಡಿ ಮುಚ್ಚಿದಾಗ ಧಾರ್ಚುಲಾದಲ್ಲಿ ಊರಿಗೆ ಹೊರಟ ನೇಪಾಳಿ ಕೂಲಿಗಳು ಮಹಾಕಾಳಿ ನದಿಯ ಈಚೆ ದಡದಲ್ಲೇ ಉಳಿದರು. ಕೆಲವರು ಈಜಿ ಆಚೆ ಸೇರಿದರು. ಮರುವರ್ಷ ಜನವರಿಯಲ್ಲಿ ಭಾರತದ ಲಸಿಕೆ ಭೂತಾನ್, ಮಾಲ್ಡೀವ್ಸ್‌ಗಳಿಗೆ ಹೋಯಿತು. ಎರಡನೇ ಅಲೆ ಬಂದಾಗ ಆ ಸಾಗಣೆಯೂ ನಿಂತಿತು. ಇದನ್ನು ನೋಡಲು ಹಿಮಾಲಯದವರೆಗೆ ಹೋಗಬೇಕಾಗಿಲ್ಲ, ನಮ್ಮಲ್ಲೇ ಇದೆ.

ಮೊದಲು ಹಳೆಯದು. ಕೆಂಗೇರಿಯವರಾದ ನಮಗೆ ಬೆಂಗಳೂರು ಎಂದರೆ ಒಂದೇ ಊರು. ಪ್ಲೇಗಿನ ಕಾಲದಲ್ಲಿ ಅದು ಎರಡು ಆಡಳಿತಗಳ ಊರು. ಪೇಟೆ ಮೈಸೂರು ಸಂಸ್ಥಾನದ್ದು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದ ಮೇಲೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಮುನಿಸಿಪಾಲಿಟಿ ಬೇರೆ, ಪೊಲೀಸು ಬೇರೆ. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಪ್ಲೇಗು ಬಂತು. ಸಂಸ್ಥಾನದಲ್ಲಿ ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆದರು. ರೈಲಿನಲ್ಲಿ ಬಂದವರ ತಪಾಸಣೆ, ರೋಗಿಗಳನ್ನು ಬೇರೆ ಇಡುವುದು, ಮನೆ ಖಾಲಿ ಮಾಡಿಸುವುದು ನಡೆಯಿತು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನು ನಮ್ಮ ಹಿರಿಯರು ಅವರ ಹಿರಿಯರಿಂದ ಕೇಳಿದ್ದಾರೆ. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ.

ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಫ್ರೆಂಚ್ ವೈದ್ಯ ಸೈಮಂಡ್ ಅದೇ 1898ರಲ್ಲಿ ಹೇಳಿದರು, ಆದರೆ ವಿಜ್ಞಾನಿಗಳು ಒಪ್ಪಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಮನುಷ್ಯರ ಮೇಲೆ ಕಾವಲು, ಇಲಿಗೆ ದಂಡೂ ಒಂದೇ ಪೇಟೆಯೂ ಒಂದೇ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆ ಪ್ಲೇಗಿಗೆ ಮೊದಲಿನದು. ಜನ ಅಲ್ಲಿಗೆ ಹೋಗಿ ನೆಲೆಸಲು ಅವಸರಪಡಿಸಿದ್ದು ಮಾತ್ರ ಪ್ಲೇಗು.

ಈಗ 2020ಕ್ಕೆ ಬರೋಣ. ತಲಪಾಡಿಯ ಆಚೆ ಕೇರಳದ ಕಾಸರಗೋಡು, ಈಚೆ ನಮ್ಮ ದಕ್ಷಿಣ ಕನ್ನಡ. 1956ರ ನವೆಂಬರ್ 1ರವರೆಗೆ ಎರಡೂ ಒಂದೇ ಜಿಲ್ಲೆ, ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ. ಮಂಜೇಶ್ವರ ಗೋವಿಂದ ಪೈಗಳ ಊರು. ಅಲ್ಲಿನವರಿಗೆ ಕಾಯಿಲೆಯಾದರೂ ಮದುವೆ ಜವಳಿಯಾದರೂ ಮಂಗಳೂರೇ ಹತ್ತಿರ. ತಿರುವನಂತಪುರ ಐನೂರು ಕಿಲೋಮೀಟರಿಗೂ ದೂರ.

ಆ ಮಾರ್ಚ್‌ನಲ್ಲಿ ಕಾಸರಗೋಡು ದೇಶದಲ್ಲೇ ಹೆಚ್ಚು ಕೊರೊನಾ ಪ್ರಕರಣಗಳಿದ್ದ ಜಿಲ್ಲೆಗಳಲ್ಲೊಂದಾಗಿತ್ತು. ಕರ್ನಾಟಕ ಗಡಿ ಮುಚ್ಚಿತು. ಹಲವು ರಸ್ತೆಗಳ ಮೇಲೆ ಲಾರಿಗಟ್ಟಲೆ ಮಣ್ಣು ಸುರಿಯಿತು. ಆಂಬುಲೆನ್ಸ್‌ಗಳೂ ತಲಪಾಡಿಯಿಂದ ವಾಪಸಾದವು. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಹಲವರು ಸತ್ತರೆಂದು ಕೇರಳ ಹೇಳಿತು. ನಮ್ಮ ಜನರನ್ನು ಉಳಿಸಿಕೊಳ್ಳುವುದು ಮೊದಲ ಕರ್ತವ್ಯ ಎಂಬುದು ನಮ್ಮ ಸರ್ಕಾರದ ವಾದ. ಯಡಿಯೂರಪ್ಪನವರಿಗೂ ಪಿಣರಾಯಿ ವಿಜಯನ್ ಅವರಿಗೂ ನಡುವೆ ಮಾತು ಬಿಗಿಯಾಯಿತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಕುಂಬಳೆ ಕಡೆಯವರು, ಕನ್ನಡ ಮಾಧ್ಯಮದಲ್ಲೇ ಓದಿದವರು. ಅವರ ತಾಯಿಗೆ ವಾರಕ್ಕೆರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ನಾವೆಲ್ಲ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಆ ದಿನಗಳಲ್ಲಿ, ಬೆಳಗಿನ ಕರೆಯಲ್ಲಿ ಪ್ರಾಜೆಕ್ಟ್ ಮಾತು ಮುಗಿದ ಮೇಲೆ, "ಇವತ್ತು ಬಿಟ್ರಾ?" ಎಂದು ನಾನು ಕೇಳುವುದು, "ಇಲ್ಲ ಮಾರಾಯ್ರೇ" ಎಂದು ಅವರು ಹೇಳುವುದು. ಕೊನೆಗೆ ಕಣ್ಣೂರು ಕಡೆ ಹೇಗೋ ವ್ಯವಸ್ಥೆಯಾಯಿತು. ತಾಯಿ ಉಳಿದರು. ಗಡಿನಾಡ ಕನ್ನಡಿಗರು ಎಂದು ನವೆಂಬರಿನಲ್ಲಿ ಭಾಷಣ ಮಾಡುವ ನಾವು ಮಾರ್ಚ್‌ನಲ್ಲಿ ಅವರನ್ನು ಕೇರಳದವರ ಲೆಕ್ಕಕ್ಕೆ ಬರೆದುಬಿಟ್ಟೆವಲ್ಲ ಎಂದು ನನಗೆ ಆಗ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ.

ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ರಾಷ್ಟ್ರೀಯ ಹೆದ್ದಾರಿ ಕೇಂದ್ರಕ್ಕೆ ಸೇರಿದ್ದು, ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ, ಕೇಂದ್ರವೇ ತಡೆ ತೆಗೆಸಲಿ ಎಂದಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳು ಕೇಂದ್ರದ ಆರೋಗ್ಯ ಕಾರ್ಯದರ್ಶಿಯ ಜೊತೆ ಕೂತು ಮಾತಾಡಲಿ ಎಂದು ಏಪ್ರಿಲ್ 3ರಂದು ಆ ನ್ಯಾಯಾಲಯ ಹೇಳಿತು. 7ರಂದು ಒಪ್ಪಂದವಾಗಿದೆ ಎಂಬ ವರದಿ ಕೇಳಿ ಪ್ರಕರಣ ಮುಗಿಸಿತು. ಕೊರೊನಾ ಇಲ್ಲದ ತುರ್ತು ರೋಗಿಗಳು ವೈದ್ಯರ ಪ್ರಮಾಣಪತ್ರ ತಂದರೆ ತಲಪಾಡಿಯಲ್ಲಿ ಪರೀಕ್ಷಿಸಿ ಬಿಡುವುದೆಂದು ಇತ್ಯರ್ಥ.

ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದು. ಹೆದರಿಕೆ ಸುಳ್ಳಾಗಿರಲಿಲ್ಲ. ರೋಗ ನಿಜ, ಲಸಿಕೆ ಇರಲಿಲ್ಲ. ಆ ದಿನಗಳಲ್ಲಿ ಎಷ್ಟೋ ಹಳ್ಳಿಯವರು ಊರಬಾಗಿಲಿಗೆ ಮುಳ್ಳುಕೊಂಬೆ ಎಳೆದಿದ್ದರು, ಬೆಂಗಳೂರಿನಿಂದ ಬಂದ ಸ್ವಂತ ಮಕ್ಕಳನ್ನೇ ಹೊರಗೆ ನಿಲ್ಲಿಸಿದರು. ಆದರೆ ಮಣ್ಣುಗುಡ್ಡೆಗೆ ಸೋಂಕಿದ್ದವರೂ ಒಂದೇ, ಹೃದಯ ಕೆಟ್ಟವರೂ ಒಂದೇ, ಹೆರಿಗೆ ನೋವಿನವರೂ ಒಂದೇ. ರೋಗಿಯನ್ನು ನೋಡಿ ಬಿಡುವ ವ್ಯವಸ್ಥೆ ಏಪ್ರಿಲ್ 7ಕ್ಕೆ ಸಾಧ್ಯವಾದದ್ದು ಮಾರ್ಚ್‌ನಲ್ಲಿ ಏಕೆ ಆಗಲಿಲ್ಲ? ಎರಡು ಜಿಲ್ಲಾಧಿಕಾರಿಗಳು ಫೋನಿನಲ್ಲಿ ತೀರ್ಮಾನಿಸಬಹುದಾಗಿದ್ದದ್ದು ದೆಹಲಿಯವರೆಗೆ ಹೋಗಬೇಕಾಯಿತು.

ಆಚೆಯವರೂ ಪಾಠ ಕಲಿತರು. ಉಕ್ಕಿನಡ್ಕದಲ್ಲಿ ವರ್ಷಗಟ್ಟಲೆ ಕುಂಟುತ್ತಿದ್ದ ಸರ್ಕಾರಿ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಆ ಏಪ್ರಿಲ್‌ನಲ್ಲೇ ಕೊರೊನಾ ಆಸ್ಪತ್ರೆ ಮಾಡಿದರು. ಚಟ್ಟಂಚಾಲ್ ಬಳಿ ಟಾಟಾದವರು ಆಸ್ಪತ್ರೆ ಕಟ್ಟಿ ಸೆಪ್ಟೆಂಬರಿನಲ್ಲಿ ಸರ್ಕಾರಕ್ಕೆ ಒಪ್ಪಿಸಿದರು. ತಕರಾರು ಮಾತ್ರ ಮುಗಿಯಲಿಲ್ಲ. 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರು 72 ಗಂಟೆಯೊಳಗಿನ ಪರೀಕ್ಷೆಯ ನೆಗೆಟಿವ್ ವರದಿ ತರಬೇಕೆಂದು ನಮ್ಮವರು ಆದೇಶಿಸಿದಾಗ, ದಿನಾ ಕಾಲೇಜಿಗೆ, ಕೂಲಿಗೆ ಮಂಗಳೂರಿಗೆ ಬರುವವರು ಮತ್ತೆ ತಲಪಾಡಿಯಲ್ಲಿ ನಿಂತರು.

ಈ ಎರಡರ ನಡುವೆ ನಡೆದ ಒಂದು ಸಂಗತಿಯನ್ನು ನಮ್ಮ ಶಾಲೆಯ ಸಂಚಿಕೆಯಲ್ಲಿ ಬರೆಯಲೇಬೇಕು. 2020ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ಕ್ಕೆ ಶುರುವಾಯಿತು. ಆಗ ಶಿಕ್ಷಣ ಸಚಿವರು ನಮ್ಮ ರಾಜಾಜಿನಗರದ ಶಾಸಕ ಸುರೇಶ್ ಕುಮಾರ್. ದಕ್ಷಿಣ ಕನ್ನಡದ ಶಾಲೆಗಳಲ್ಲಿ ಓದುವ ಕಾಸರಗೋಡು ಕಡೆಯ ಮಕ್ಕಳು ಹಾಲ್ ಟಿಕೆಟ್ ಹಿಡಿದು ತಲಪಾಡಿಗೆ ಬಂದರು. ಈಚೆ ಅವರಿಗಾಗಿ ವಾಹನಗಳು ಕಾದಿದ್ದವು. ಮಾಸ್ಕ್ ಹಾಕಿಕೊಂಡು, ಜ್ವರ ನೋಡಿಸಿಕೊಂಡು, ಗಡಿ ದಾಟಿ ಹೋಗಿ ಪರೀಕ್ಷೆ ಬರೆದು ಸಂಜೆಗೆ ಮನೆ ಸೇರಿದರು.